ಜರುಗುವ ಕೋಣೆ ಕಟ್ಟುವವರಿಗೆ 9 ಸೂತ್ರಗಳು

ರಸ್ತೆ ಮೇಲೆ ಓಡುವಾಗ ಅದು ಒಂದು ಬಸ್ಸು. ಬೇವಿನ ಮರದ ಪಕ್ಕ ನಿಲ್ಲಿಸಿ, ಬಟನ್ ಒತ್ತಿ. ಪಕ್ಕದ ಗೋಡೆ ಸೋಫಾ, ಮೇಜು, ಕಿಟಕಿ ಸಮೇತ ಎರಡಡಿ ಹೊರಕ್ಕೆ ಜರುಗುತ್ತದೆ. ಅರ್ಧ ನಿಮಿಷ ಸಾಕು, ಓಣಿಯಂತಿದ್ದ ಒಳಭಾಗ ನಡುಮನೆ ಆಗುತ್ತದೆ. ಹೊರಡುವ ಹೊತ್ತಿಗೆ ಮತ್ತೆ ಬಟನ್ ಒತ್ತಿದರೆ ಕೋಣೆ ವಾಪಸ್ ಒಳಗೆ. ಮೋಟರ್‌ಹೋಮ್, ಕ್ಯಾರವಾನ್‌ಗಳಲ್ಲಿರುವ ಈ ಜರುಗುವ ಕೋಣೆಗೆ ಸ್ಲೈಡ್‌ಔಟ್ ಅಂತ ಹೆಸರು.

ನೀವು ಚಳ್ಳಕೆರೆಯಲ್ಲಿ ಐಟಿಐ ಓದುತ್ತಿರಬಹುದು. ಮೊಳಕಾಲ್ಮೂರಿನಿಂದ ದಿನಾ ಬಸ್ ಹತ್ತಿ ಡಿಪ್ಲೊಮಾ ಕ್ಲಾಸಿಗೆ ಹೋಗುತ್ತಿರಬಹುದು. ಬಳ್ಳಾರಿ ರಸ್ತೆಯ ಗ್ಯಾರೇಜಿನಲ್ಲಿ ವೆಲ್ಡಿಂಗ್ ಕಲಿಯುತ್ತಿರಬಹುದು. ಈ ಸೂತ್ರಗಳು ನಿಮಗೇ. ಒಂದೇ ಒಂದು ಯಂತ್ರವನ್ನು ಬುಡದಿಂದ ತುದಿವರೆಗೆ ಕಲಿಯಿರಿ. ಆ ಯಂತ್ರ ಸ್ಲೈಡ್‌ಔಟ್ ಆಗಲಿ. ಫಿಟ್ಟಿಂಗ್, ವೆಲ್ಡಿಂಗ್, ವೈರಿಂಗ್, ಎಲೆಕ್ಟ್ರಾನಿಕ್ಸ್, ರಬ್ಬರ್, ತೂಕ, ಕಾನೂನು ಎಲ್ಲವೂ ಆ ಒಂದು ಪೆಟ್ಟಿಗೆಯೊಳಗಿವೆ. ಅದನ್ನು ಬಲ್ಲವರಿಗೆ ರಕ್ತದಾನದ ಬಸ್, ಸಂಚಾರಿ ಕ್ಲಿನಿಕ್, ಸಿನಿಮಾದವರ ವ್ಯಾನಿಟಿ ವ್ಯಾನ್, ಪ್ರದರ್ಶನದ ವಾಹನ ಯಾವುದರ ಮುಂದೆ ನಿಂತರೂ ಕೈ ನಡುಗುವುದಿಲ್ಲ.

"ಇದೆಲ್ಲ ಅಮೆರಿಕದವರ ಶೋಕಿ, ನಮಗ್ಯಾಕೆ?" ಅನ್ನಿಸಿತೇ? ಹಾಗನ್ನಿಸುವುದು ಒಂದು ಅಭ್ಯಾಸ. ಉಗುರು ಕಚ್ಚುವುದನ್ನು ಬಿಡಿಸಿದ ಹಾಗೆ ಅದನ್ನೂ ಬಿಡಿಸಿ. ಪಕ್ಕದ ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸ ಶುರು ಮಾಡಿತು. ನಮ್ಮ ರಾಜ್ಯದ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್‌ಗೆ ಜಾಗ ಸಿಕ್ಕಿದೆ. ಗಾಡಿಗಳು ಬರುತ್ತವೆ. ಅವುಗಳನ್ನು ಕಟ್ಟುವ, ರಿಪೇರಿ ಮಾಡುವ ಕೈಗಳು ನಿಮ್ಮವಾಗಲಿ.

1. ಮೊದಲು "ಯಾಕೆ" ಅಂತ ಕೇಳಿ

ಯಂತ್ರ ಹೇಗೆ ಓಡುತ್ತದೆ ಅಂತ ನೋಡುವ ಮೊದಲು ಅದು ಯಾಕೆ ಹುಟ್ಟಿತು ಅಂತ ತಿಳಿಯಿರಿ. ಕಾರಣ ಗೊತ್ತಿದ್ದವನಿಗೆ ವಿನ್ಯಾಸ ಅರ್ಧ ಗೊತ್ತಿದ್ದ ಹಾಗೆ.

ಇಲ್ಲಿ ಕಾರಣ ಒಂದು ಅಳತೆ. ಭಾರತದಲ್ಲಿ ವಾಹನದ ಅಗಲ 2.6 ಮೀಟರ್ ದಾಟುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 93ನೇ ನಿಯಮ ಇದನ್ನು ಹೇಳುತ್ತದೆ. ಅಮೆರಿಕದ ಹೆದ್ದಾರಿಗಳಲ್ಲಿ ಮಿತಿ 102 ಇಂಚು, ಅಂದರೆ ಹೆಚ್ಚೂಕಡಿಮೆ ಅಷ್ಟೇ. ಉದ್ದ ಎಷ್ಟು ಬೆಳೆಸಿದರೂ ಅಗಲ ಅಷ್ಟರಲ್ಲೇ ನಿಲ್ಲಬೇಕು. ಅದರಲ್ಲಿ ಎರಡೂ ಗೋಡೆಯ ದಪ್ಪ ಕಳೆಯಿರಿ, ಒಂದು ಕಡೆ ಮಂಚ, ಇನ್ನೊಂದು ಕಡೆ ಅಡುಗೆ ಕಟ್ಟೆ ಇಡಿ. ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ ಉಳಿಯುತ್ತದೆ.

ಓಡುವಾಗ ಕಿರಿದು, ನಿಂತಾಗ ಹಿರಿದು ಆಗಬೇಕು. ಈ ಒಂದು ಬೇಡಿಕೆಗೆ ಉತ್ತರವಾಗಿ ಇಂಡಿಯಾನಾ ರಾಜ್ಯದ ನ್ಯೂಮಾರ್ ಕಂಪನಿ 1990ರಲ್ಲಿ ತನ್ನ ಗಾಡಿಗಳಿಗೆ ಸ್ಲೈಡ್‌ಔಟ್ ತಂದಿತು. ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು.

ಲಾಭ ಎಷ್ಟು ಅಂತ ನೀವೇ ಲೆಕ್ಕ ಹಾಕಿ. 3 ಮೀಟರ್ ಉದ್ದದ ಕೋಣೆ 60 ಸೆಂಟಿಮೀಟರ್ ಹೊರಬಂದರೆ 1.8 ಚದರ ಮೀಟರ್, ಅಂದರೆ ಸುಮಾರು 19 ಚದರಡಿ. ಒಂದು ಸಿಂಗಲ್ ಮಂಚದಷ್ಟು ಜಾಗ! ಇಷ್ಟೇನಾ ಅನ್ನಬೇಡಿ. ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಒಂದು ಮಂಚದ ಜಾಗದ ಬೆಲೆ ಹೇಳಿಕೊಡಬೇಕಾಗಿಲ್ಲ. ಜಿಐ ಟ್ಯಾಗ್ ಪಡೆದ ಆ ರೇಷ್ಮೆ ಸೀರೆ ಹುಟ್ಟುವ ಮನೆಯಲ್ಲಿ ಮಗ್ಗ ಅಲುಗುವುದಿಲ್ಲ, ಬದುಕೇ ಅದರ ಸುತ್ತ ಜರುಗುತ್ತದೆ. ಬೆಳಿಗ್ಗೆ ಚಾಪೆ ಸುತ್ತಿಟ್ಟರೆ ಕೆಲಸದ ಮನೆ, ರಾತ್ರಿ ಬಿಚ್ಚಿ ಹಾಸಿದರೆ ಮಲಗುವ ಮನೆ. ಮಕ್ಕಳು ಪುಸ್ತಕ ಹಿಡಿದು ಮಗ್ಗದ ಪಕ್ಕದಲ್ಲೇ ಓದುತ್ತಾರೆ. ಒಂದೇ ಜಾಗವನ್ನು ಎರಡು ಸಲ ಬಳಸುವ ಬುದ್ಧಿ ನಿಮ್ಮ ಮನೆಯಲ್ಲೇ ಇದೆ. ಅದಕ್ಕೆ ಗೇರು, ಮೋಟರು ಜೋಡಿಸಿ.

2. ಮನೆಯ ಡ್ರಾಯರ್‌ನಿಂದ ಶುರು ಮಾಡಿ

ಕ್ಯಾರವಾನ್ ಸಿಗುವವರೆಗೆ ಕಾಯಬೇಡಿ. ಚಾನೆಲ್ ಇಲ್ಲದ ಹಳೇ ಮರದ ಮೇಜಿನ ಡ್ರಾಯರ್ ಹುಡುಕಿ. ಎರಡೂ ಕೈಯಲ್ಲಿ ಸಮನಾಗಿ ಹಿಡಿದು ಎಳೆಯಿರಿ. ಸಲೀಸಾಗಿ ಬರುತ್ತದೆ. ಈಗ ಬಲಮೂಲೆ ಮಾತ್ರ ಹಿಡಿದು ಎಳೆಯಿರಿ. ಬಲಗಡೆ ಮುಂದೆ ಬಂತು, ಎಡಗಡೆ ಹಿಂದೆ ಉಳಿಯಿತು, ಓರೆಯಾಗಿ ಕಚ್ಚಿಕೊಂಡಿತು. ಎಷ್ಟು ಜೋರು ಮಾಡಿದರೆ ಅಷ್ಟು ಬಿಗಿ.

ಸ್ಲೈಡ್‌ಔಟ್‌ನ ಅರ್ಧಕ್ಕರ್ಧ ಸಮಸ್ಯೆ ಈ ಡ್ರಾಯರ್‌ನಲ್ಲಿದೆ. ಅಗಲ ಹೆಚ್ಚಾಗಿ ಆಳ ಕಡಿಮೆ ಇರುವ ಡ್ರಾಯರ್ ಬೇಗ ಕಚ್ಚುತ್ತದೆ. ಮೂರು ಮೀಟರ್ ಅಗಲ, ಅರ್ಧ ಮುಕ್ಕಾಲು ಮೀಟರ್ ಆಳ ಇರುವ ಕೋಣೆ ಅಂದರೆ ಲೋಕದ ಅತಿ ಕಷ್ಟದ ಡ್ರಾಯರ್! ಎರಡೂ ತುದಿ ಒಂದೇ ವೇಗದಲ್ಲಿ ಹೋಗಲೇಬೇಕು. ಒಂದು ತುದಿ ಬೆರಳಗಲ ಹಿಂದೆ ಬಿದ್ದರೂ ಚೌಕಟ್ಟು ತಿರುಚಿಕೊಳ್ಳುತ್ತದೆ, ಗೇರಿನ ಹಲ್ಲು ಸವೆಯುತ್ತದೆ, ಮೋಟರ್ ಬಿಸಿಯಾಗುತ್ತದೆ.

ಪೇಟೆಗೆ ಹೋಗಿ ಅಗಲವಾದ ಅಂಗಡಿಯ ರೋಲಿಂಗ್ ಶಟರ್ ಎತ್ತುವುದನ್ನು ನೋಡಿ. ಒಬ್ಬರೇ ಒಂದು ಮೂಲೆ ಹಿಡಿದು ಎತ್ತಿದರೆ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಇಬ್ಬರು ಎರಡು ಕಡೆ ನಿಲ್ಲುತ್ತಾರೆ. ನಾಯಕನಹಟ್ಟಿ ತಿಪ್ಪೇಸ್ವಾಮಿ ತೇರು ಎಳೆಯುವಾಗಲೂ ಇದೇ ಕಥೆ. ಮಿಣಿ ಹಿಡಿದವರಲ್ಲಿ ಒಂದು ಪಕ್ಕದವರು ಜೋರಾಗಿ ಎಳೆದು ಇನ್ನೊಂದು ಪಕ್ಕದವರು ತಡಮಾಡಿದರೆ ತೇರಿನ ಮುಖ ತಿರುಗುತ್ತದೆ. ಆಗ ಚಕ್ರದ ಬುಡದಲ್ಲಿ ಮರದ ತುಂಡು ಹಿಡಿದು ನಿಂತವರು ತೇರನ್ನು ದಾರಿಗೆ ತರುತ್ತಾರೆ. ಆ ಮರದ ತುಂಡು ಹಿಡಿದವರ ಕೆಲಸವನ್ನು ಸ್ಲೈಡ್‌ಔಟ್‌ನಲ್ಲಿ ಯಾರು ಮಾಡುತ್ತಾರೆ? ಕೆಲವು ಗಾಡಿಗಳಲ್ಲಿ ಎರಡೂ ಗೇರುಗಳನ್ನು ಜೋಡಿಸುವ ಒಂದು ಉಕ್ಕಿನ ಶಾಫ್ಟ್. ಕೆಲವು ಗಾಡಿಗಳಲ್ಲಿ ಒಂದು ಪುಟ್ಟ ಎಲೆಕ್ಟ್ರಾನಿಕ್ ಕಂಟ್ರೋಲರ್. ಈ ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಸೂತ್ರಕ್ಕೆ ಬನ್ನಿ.

3. ನಾಲ್ಕು ದಾರಿ ತಿಳಿಯಿರಿ, ಒಂದರಲ್ಲಿ ಪಳಗಿ

ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿತವರಿಗೆ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಮಾತು ನಿಲ್ಲುತ್ತದೆ. ನಾಲ್ಕನ್ನೂ ಗುರುತಿಸಿ. ಒಂದನ್ನು ಬಿಚ್ಚಿ ಜೋಡಿಸುವಷ್ಟು ಕಲಿಯಿರಿ.

ಮೊದಲನೆಯದು ರ‍್ಯಾಕ್ ಮತ್ತು ಪಿನಿಯನ್. ಕೋಣೆಯ ಅಡಿಯಲ್ಲಿ ಎರಡು ಉಕ್ಕಿನ ತೋಳು, ತೋಳಿಗೆ ಹಲ್ಲಿನ ಪಟ್ಟಿ. ಚಾಸಿಸ್‌ನಲ್ಲಿ ಕೂತ ಪಿನಿಯನ್ ಗೇರ್ ತಿರುಗಿದರೆ ತೋಳು ಕೋಣೆಯನ್ನು ಹೊತ್ತು ಹೊರಗೆ ಹೋಗುತ್ತದೆ. ಒಂದೇ ಮೋಟರ್, ಎರಡೂ ಪಿನಿಯನ್‌ಗಳಿಗೆ ಒಂದೇ ಶಾಫ್ಟ್. ಆದ್ದರಿಂದ ಎರಡು ತುದಿಯೂ ಒಟ್ಟಿಗೇ ಹೋಗಬೇಕು, ಬೇರೆ ದಾರಿಯೇ ಇಲ್ಲ. ಸರಳ, ಗಟ್ಟಿ, ಗ್ಯಾರೇಜಿನಲ್ಲೇ ರಿಪೇರಿ ಆಗುವಂಥದ್ದು. ನನ್ನನ್ನು ಕೇಳಿದರೆ ನೀವು ಪಳಗಬೇಕಾದದ್ದು ಇದರಲ್ಲೇ.

ಎರಡನೆಯದು ಗೋಡೆಯೊಳಗಿನ ವ್ಯವಸ್ಥೆ. ಅಮೆರಿಕದಲ್ಲಿ ಶ್ವಿಂಟೆಕ್ ಅನ್ನುವ ಹೆಸರಿನಲ್ಲಿ ಪ್ರಸಿದ್ಧ. ಕೋಣೆಯ ಎರಡೂ ಪಕ್ಕದ ಗೋಡೆಗೆ ತೆಳುವಾದ ಅಲ್ಯೂಮಿನಿಯಂ ರ‍್ಯಾಕ್, ಪಕ್ಕಕ್ಕೊಂದು ಸಣ್ಣ ಮೋಟರ್. ಎರಡು ಮೋಟರ್‌ಗಳ ನಡುವೆ ಶಾಫ್ಟ್ ಇಲ್ಲ. ಪ್ರತಿ ಮೋಟರ್‌ನಲ್ಲಿರುವ ಸೆನ್ಸರ್ ಸುತ್ತು ಎಣಿಸಿ ಕಂಟ್ರೋಲರ್‌ಗೆ ಕಳಿಸುತ್ತದೆ. ಒಂದು ಹಿಂದೆ ಬಿದ್ದರೆ ಕಂಟ್ರೋಲರ್ ಇನ್ನೊಂದನ್ನು ನಿಧಾನಿಸುತ್ತದೆ. ಕೊನೆ ಮುಟ್ಟಿದಾಗ ಮೋಟರ್ ಎಳೆಯುವ ಕರೆಂಟ್ ಏರುತ್ತದೆ, ಅದನ್ನು ನೋಡಿ ನಿಲ್ಲಿಸುತ್ತದೆ. ಹಗುರ, ಜಾಗ ಉಳಿಸುತ್ತದೆ. ಆದರೆ ಬಟನ್ ಅರ್ಧಕ್ಕೇ ಬಿಡುವ ಚಾಳಿ ಇದ್ದವರ ಕೈಯಲ್ಲಿ ಎಣಿಕೆ ತಪ್ಪುತ್ತದೆ. ಹೊರಗೆ ಬಿಟ್ಟಾಗ ಮೋಟರ್‌ಗಳು ತಾವಾಗಿ ನಿಲ್ಲುವವರೆಗೆ ಬಟನ್ ಬಿಡಬೇಡಿ. ಎಣಿಕೆ ಮತ್ತೆ ಸರಿಹೋಗುವುದು ಹಾಗೆಯೇ.

ಮೂರನೆಯದು ಹೈಡ್ರಾಲಿಕ್. ಟ್ರಾಕ್ಟರ್ ಟ್ರೇಲರ್ ಎತ್ತುವ ಜಾಕ್ ನೋಡಿದ್ದೀರಲ್ಲ, ಅದೇ. 50 ಮಿಲಿಮೀಟರ್ ಬೋರ್ ಸಿಲಿಂಡರ್‌ಗೆ 70 ಬಾರ್ ಒತ್ತಡ ಕೊಟ್ಟರೆ ಸುಮಾರು 1,400 ಕೆಜಿ ಬಲ. ಭಾರಿ ಕೋಣೆಗೆ ಇದೇ ಸರಿ. ನಾಲ್ಕನೆಯದು ಕೇಬಲ್: ಬಾವಿಯ ರಾಟೆಯ ಹಾಗೆ ಉಕ್ಕಿನ ಹಗ್ಗ ನಾಲ್ಕೂ ಮೂಲೆಯಿಂದ ಕೋಣೆಯನ್ನು ಎಳೆಯುತ್ತದೆ.

4. ಅಂದಾಜು ಬಿಡಿ, ಲೆಕ್ಕ ಹಾಕಿ

"ನೋಡೋಣ, ಆಗುತ್ತೆ" ಅನ್ನುವವರು ಸಹಾಯಕರಾಗಿಯೇ ಉಳಿಯುತ್ತಾರೆ. "ಇಷ್ಟೇ ಆಗುತ್ತೆ" ಅನ್ನುವವರಿಗೆ ಸೂಪರ್‌ವೈಸರ್ ಕುರ್ಚಿ. ವ್ಯತ್ಯಾಸ ಒಂದು ಪೆನ್ಸಿಲ್.

ಪಿನಿಯನ್‌ಗೆ 12 ಹಲ್ಲು, ಮಾಡ್ಯೂಲ್ 4 ಅಂತ ಇಟ್ಟುಕೊಳ್ಳಿ. 3.14ನ್ನು 4ರಿಂದ, ಅದನ್ನು 12ರಿಂದ ಗುಣಿಸಿ. ಸುಮಾರು 151 ಮಿಲಿಮೀಟರ್. ಗೇರ್ ಒಂದು ಸುತ್ತು ತಿರುಗಿದರೆ ಕೋಣೆ ಅಷ್ಟು ಜರುಗುತ್ತದೆ. 60 ಸೆಂಟಿಮೀಟರ್‌ಗೆ ನಾಲ್ಕು ಸುತ್ತು ಸಾಕು. ಗೇರ್‌ಬಾಕ್ಸ್‌ನಿಂದ ನಿಮಿಷಕ್ಕೆ 10 ಸುತ್ತು ಬಂದರೆ 24 ಸೆಕೆಂಡ್‌ನಲ್ಲಿ ಕೋಣೆ ಹೊರಗೆ. ನೋಡಿ, ಹತ್ತನೇ ಕ್ಲಾಸಿನ ಗಣಿತ. ವೇಗ ಜಾಸ್ತಿ ಮಾಡುವ ಆಸೆ ಬಂದರೆ ತಡೆಯಿರಿ. ನಡುವೆ ಯಾರಾದರೂ ಕೈ ಇಟ್ಟರೆ ಬಟನ್ ಬಿಡಲು ಸಮಯ ಬೇಕು.

ಈಗ ವೈರ್. ಹೆಚ್ಚಿನವರು ಸೋಲುವುದು ಇಲ್ಲಿ. ಮೋಟರ್ ಸರಿ ಇಲ್ಲ ಅಂತ ಬದಲಾಯಿಸುತ್ತಾರೆ, ಮತ್ತೆ ಅದೇ ತೊಂದರೆ. ಬ್ಯಾಟರಿ 12 ವೋಲ್ಟ್, ಮೋಟರ್ 30 ಆಂಪಿಯರ್ ಎಳೆಯುತ್ತದೆ, ಬ್ಯಾಟರಿಯಿಂದ ಮೋಟರ್‌ಗೆ 6 ಮೀಟರ್ ಅಂತಿಟ್ಟುಕೊಳ್ಳಿ. ಹೋಗಿ ಬರುವ ವೈರ್ ಸೇರಿ 12 ಮೀಟರ್. 4 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿದರೆ ದಾರಿಯಲ್ಲೇ ಸುಮಾರು 1.6 ವೋಲ್ಟ್ ಕಳೆದುಹೋಗುತ್ತದೆ. ಮೋಟರ್‌ಗೆ ಸಿಗುವುದು ಹತ್ತೂವರೆಗಿಂತ ಕಡಿಮೆ. ಅದು ಮುಕ್ಕಿರಿಯುತ್ತದೆ, ಬಿಸಿಯಾಗುತ್ತದೆ, ಫ್ಯೂಸ್ ಹಾರುತ್ತದೆ. 10 ಚದರ ಮಿಲಿಮೀಟರ್ ವೈರ್ ಹಾಕಿ. ನಷ್ಟ 0.7 ವೋಲ್ಟ್ ಒಳಗೆ ಬರುತ್ತದೆ. ಮೋಟರ್ ಓಡುತ್ತಿರುವಾಗಲೇ ಅದರ ತುದಿಯಲ್ಲಿ ಮಲ್ಟಿಮೀಟರ್ ಹಿಡಿದು ನೋಡುವುದನ್ನು ರೂಢಿ ಮಾಡಿಕೊಳ್ಳಿ. ನಿಂತ ಮೋಟರ್‌ನ ಮುಂದೆ ಬ್ಯಾಟರಿ 12.6 ತೋರಿಸಿದರೆ ಏನೂ ಸಾಬೀತಾಗುವುದಿಲ್ಲ.

5. ಕ್ರಾಸ್ ಅಳತೆ ಹಿಡಿಯಿರಿ

ಒಂದು ಮಧ್ಯಾಹ್ನ ರಸ್ತೆ ಬದಿಯ ಒಂದು ಬಾಡಿ ಗ್ಯಾರೇಜಿನಲ್ಲಿ ನಿಂತು ನೋಡುತ್ತಿದ್ದೆ. ನೆಲದ ಮೇಲೆ ಮೂರು ಮೀಟರ್‌ಗೆ ಎರಡು ಮೀಟರ್ ಚೌಕಟ್ಟು. ಹುಡುಗ ನಾಲ್ಕು ಮೂಲೆಗೂ ಟ್ಯಾಕ್ ಹಾಕಿ, ಪೂರ್ತಿ ವೆಲ್ಡ್ ಮಾಡಲು ಹೆಲ್ಮೆಟ್ ಇಳಿಸಿದ್ದ. ಹಿರಿಯ ಮೇಸ್ತ್ರಿ ಕೈ ಅಡ್ಡ ಹಿಡಿದರು.

"ಕ್ರಾಸ್ ಹಿಡಿದೆಯೇನೋ?"

"ಮೂಲೆಮಟ್ಟ ಇಟ್ಟು ನೋಡಿದೀನಿ ಅಣ್ಣ, ಸರಿಯಾಗೈತೆ."

"ಮೂಲೆಮಟ್ಟ ಒಂದಡಿ ಐತೆ, ಫ್ರೇಮು ಹತ್ತಡಿ ಐತೆ. ಒಂದಡೀಲಿ ಕಾಣದ ತಪ್ಪು ಹತ್ತಡೀಲಿ ಕಾಣತೈತೆ. ಟೇಪ್ ತಗೊ."

ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪ್ ಎಳೆದರು: 3,603 ಮಿಲಿಮೀಟರ್. ಇನ್ನೊಂದು ಕ್ರಾಸ್: 3,609. ಮೇಸ್ತ್ರಿ ಏನೂ ಮಾತಾಡಲಿಲ್ಲ. ಉದ್ದ ಬಂದ ಮೂಲೆಗೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ಎರಡು ಏಟು ಕೊಟ್ಟರು. ಮತ್ತೆ ಟೇಪ್. ಎರಡೂ ಕಡೆ 3,606. ಹುಡುಗನಿಗೆ ಕಣ್ಣಿನಲ್ಲೇ "ಈಗ ಹಾಕು" ಅಂದರು.

ಟ್ಯಾಕ್ ಹಂತದಲ್ಲಿ ಎರಡು ಏಟಿಗೆ ಸರಿಹೋದದ್ದು, ಪೂರ್ತಿ ವೆಲ್ಡ್ ಆದ ಮೇಲೆ ಗ್ರೈಂಡರ್ ಹಿಡಿದು ಬಿಚ್ಚಿದರೂ ಸರಿಹೋಗುವುದಿಲ್ಲ. ಆರು ಮಿಲಿಮೀಟರ್ ವ್ಯತ್ಯಾಸ ನಿಂತ ಪೆಟ್ಟಿಗೆಗೆ ಏನೂ ಅಲ್ಲ. ದಿನಾ ಒಳಗೆ ಹೊರಗೆ ಜರುಗುವ ಪೆಟ್ಟಿಗೆಗೆ ಅದೇ ರೋಗ. ವೆಲ್ಡಿಂಗ್ ಶಾಖಕ್ಕೆ ಚೌಕಟ್ಟು ಮತ್ತೆ ಎಳೆದುಕೊಳ್ಳುತ್ತದೆ, ಆದ್ದರಿಂದ ವೆಲ್ಡ್ ಆರಿದ ಮೇಲೂ ಕ್ರಾಸ್ ಹಿಡಿಯಿರಿ. ಗೋಡೆಯ ತೂತಿಗೂ ಹಿಡಿಯಿರಿ, ಕೋಣೆಗೂ ಹಿಡಿಯಿರಿ. ಎರಡೂ ಒಂದಕ್ಕೊಂದು ಹೊಂದಬೇಕು.

ಗಾಡಿ ನಿಲ್ಲಿಸುವಾಗಲೂ ಇದೇ ಶಿಸ್ತು. ರಸಮಟ್ಟವನ್ನು ನೆಲದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ, ಆಮೇಲೆ ಬಟನ್ ಮುಟ್ಟಿ.

6. ಧೂಳು, ಬಿಸಿಲಿಗೆ ಗೌರವ ಕೊಡಿ

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ನಮ್ಮವೂ ಸೇರಿವೆ. ಇಲ್ಲಿ ಮಳೆಗಿಂತ ಮೊದಲು ಧೂಳು ಒಳಗೆ ಬರುತ್ತದೆ. ಇದನ್ನು ಕೊರತೆ ಅಂತ ತಿಳಿಯಬೇಡಿ. ಇಲ್ಲಿ ಬಾಳಿಕೆ ಬಂದ ಗಾಡಿ ಎಲ್ಲಿಯಾದರೂ ಬಾಳಿಕೆ ಬರುತ್ತದೆ.

ಗೋಡೆಯಲ್ಲಿ ಅಷ್ಟು ದೊಡ್ಡ ತೂತು ಕೊರೆದ ಮೇಲೆ ಅದನ್ನು ಮುಚ್ಚುವುದು ಬೀಡಿಂಗ್ ರಬ್ಬರ್. ಅದರಲ್ಲಿ ಎರಡು ಜಾತಿ. ಒಂದು ಕೊಳವೆಯಂಥದ್ದು. ಕೋಣೆ ಪೂರ್ತಿ ಒಳಗೆ ಬಂದಾಗ, ಪೂರ್ತಿ ಹೊರಗೆ ಹೋದಾಗ ಅದು ಒತ್ತಿಕೊಂಡು ಸಂದು ಮುಚ್ಚುತ್ತದೆ. ಇನ್ನೊಂದು ನಾಲಿಗೆಯಂಥದ್ದು. ಕೋಣೆ ಜರುಗುವಾಗ ಗೋಡೆಯನ್ನು ಒರೆಸುತ್ತಾ ನೀರು, ಕಸ ಹೊರಗೇ ತಳ್ಳುತ್ತದೆ. ಕಾರಿನ ಕಿಟಕಿ ಇಳಿಸುವಾಗ ಗಾಜನ್ನು ಒರೆಸುವ ರಬ್ಬರ್ ಮುಟ್ಟಿ ನೋಡಿ. ಅದೇ ತತ್ವ.

ನಾಲಿಗೆಗೆ ಮಣ್ಣು ಅಂಟಿದರೆ ಅದು ಉಪ್ಪುಕಾಗದ ಆಗುತ್ತದೆ. ಪ್ರತಿ ಸಲ ಪೇಂಟ್ ಉಜ್ಜಿ ಗೀರು ಹಾಕುತ್ತದೆ. ಆದ್ದರಿಂದ ಒಳಗೆ ಎಳೆಯುವ ಮೊದಲು ಕೋಣೆಯ ತಲೆ ಮೇಲಿನ ಧೂಳು, ಬೇವಿನೆಲೆ ಗುಡಿಸಿ. ಬೀಡಿಂಗನ್ನು ಸೋಪಿನ ನೀರಿನಲ್ಲಿ ಒರೆಸಿ. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು ನಿಜ, ಆದರೆ ಇಲ್ಲಿ ಎಣ್ಣೆ ಹಚ್ಚಬೇಡಿ. ಎಣ್ಣೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಗ್ರೀಸ್ ಇನ್ನೂ ಕೆಟ್ಟದ್ದು. ಬೀಡಿಂಗ್‌ಗೆ ಸಾಮಾನ್ಯವಾಗಿ ಬಳಸುವ ಇಪಿಡಿಎಂ ರಬ್ಬರ್ ಪೆಟ್ರೋಲಿಯಂ ಗ್ರೀಸ್ ತಾಗಿದರೆ ಊದಿ ಮೆತ್ತಗಾಗುತ್ತದೆ. ಬೇಕೇ ಬೇಕಾದರೆ ಸಿಲಿಕೋನ್ ಸ್ಪ್ರೇ.

ಇನ್ನು ಬಿಸಿಲು. 3 ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ ಬೆಳಗಿನ 15 ಡಿಗ್ರಿಯಿಂದ ಉರಿ ಬಿಸಿಲಿನ 55 ಡಿಗ್ರಿಗೆ ಏರಿದರೆ ಸುಮಾರು 2.8 ಮಿಲಿಮೀಟರ್ ಹಿಗ್ಗುತ್ತದೆ. ಉಕ್ಕು ಅದರ ಅರ್ಧ. ಬೆಳಿಗ್ಗೆ ಬಿಗಿಯಾಗಿ ಕೂರಿಸಿದ ಕೋಣೆ ಮಧ್ಯಾಹ್ನ ಅಲುಗದಿದ್ದರೆ ಮೋಟರ್‌ಗೆ ಬೈಯಬೇಡಿ, ನಿಮ್ಮ ಸಂದಿನ ಅಳತೆ ನೋಡಿಕೊಳ್ಳಿ.

7. ತೂಕ ತೂಗಿ, ಕಾನೂನು ಓದಿ

ಒಳ್ಳೆಯದು ಅನ್ನಿಸಿದ್ದನ್ನೆಲ್ಲ ತುಂಬುವುದು ಹೊಸಬರ ಚಟ. ಬೇಡ ಅನ್ನುವುದನ್ನು ಕಲಿಯಿರಿ. ಒಂದು ಉದಾಹರಣೆ: 3,500 ಕೆಜಿ ಗಾಡಿಯಲ್ಲಿ 300 ಕೆಜಿ ಕೋಣೆ 60 ಸೆಂಟಿಮೀಟರ್ ಹೊರಗೆ ಹೋದರೆ ಇಡೀ ಗಾಡಿಯ ಭಾರಕೇಂದ್ರ 5 ಸೆಂಟಿಮೀಟರ್ ಆ ಪಕ್ಕಕ್ಕೆ ಸರಿಯುತ್ತದೆ. ಆ ಕಡೆಯ ಸ್ಪ್ರಿಂಗ್ ಕುಗ್ಗುತ್ತದೆ, ಮಟ್ಟ ತಪ್ಪುತ್ತದೆ. ಅದಕ್ಕೇ ಕಾಲೂರುವ ಜಾಕ್ ಬೇಕು. ಫ್ರಿಜ್ಜು, ನೀರಿನ ಟ್ಯಾಂಕು ಜರುಗುವ ಕೋಣೆಯಲ್ಲಿ ಇಡಬೇಡಿ. ಮೊದಲ ಗಾಡಿಗೆ ಒಂದೇ ಸ್ಲೈಡ್‌ಔಟ್ ಸಾಕು. ಚೆನ್ನಾಗಿ ಓಡುವ ಒಂದರ ಮುಂದೆ ಸೋರುವ ಮೂರು ನಿಲ್ಲುವುದಿಲ್ಲ.

ಗ್ಯಾಸ್ ಕಟರ್ ಹಚ್ಚುವ ಮೊದಲು ಕಾಗದ ಓದಿ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ನೋಂದಣಿ ಪುಸ್ತಕದಲ್ಲಿರುವ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಮನಬಂದಂತೆ ಬದಲಾಯಿಸುವಂತಿಲ್ಲ. ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಅನ್ನುವ ಮಾನದಂಡ ಇದೆ. ಅದನ್ನು ತೆಗೆದು ಸಾಲು ಸಾಲಾಗಿ ಓದಿ. ಇಂಗ್ಲಿಷ್ ಕಷ್ಟ ಅನ್ನಿಸಿದರೆ ದಿನಕ್ಕೆ ಒಂದು ಪುಟ, ಜೊತೆಗೊಂದು ಡಿಕ್ಷನರಿ. ವೆಲ್ಡಿಂಗ್ ಬಲ್ಲವರು ಸಾವಿರ ಜನ ಸಿಗುತ್ತಾರೆ. ವೆಲ್ಡಿಂಗೂ ಬಂದು ಮಾನದಂಡವನ್ನೂ ಓದಿದವರನ್ನು ಮಾಲೀಕರು ಹುಡುಕಿಕೊಂಡು ಬರುತ್ತಾರೆ.

8. ಪರೀಕ್ಷೆಯನ್ನು ಕಠಿಣ ಮಾಡುತ್ತಾ ಹೋಗಿ

"ಒಂದ್ಸಲ ಓಡಿತು, ಮುಗೀತು" ಅಂತ ಕೈ ತೊಳೆಯಬೇಡಿ. ನಿಮ್ಮ ಊರಿನ ಪಕ್ಕದಲ್ಲೇ ಇದಕ್ಕೆ ಪಾಠ ಇದೆ. ಚಳ್ಳಕೆರೆ ತಾಲೂಕಿನಲ್ಲಿ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ 2017ರಲ್ಲಿ ಉದ್ಘಾಟನೆ ಆಯಿತು. ಅದರ ರನ್‌ವೇ ಮೇಲೆ ಇಸ್ರೋ ತನ್ನ ರೆಕ್ಕೆಯ ಮರುಬಳಕೆ ವಾಹನವನ್ನು 2023ರ ಏಪ್ರಿಲ್ 2ರಂದು ಮೊದಲ ಸಲ ತಾನಾಗಿಯೇ ಇಳಿಯುವಂತೆ ಮಾಡಿತು. ಗೆದ್ದಾಯಿತು ಅಂತ ನಿಲ್ಲಿಸಲಿಲ್ಲ. 2024ರ ಮಾರ್ಚ್ 22ರಂದು ಹೆಲಿಕಾಪ್ಟರ್‌ನಿಂದ ಬೇಕೆಂದೇ ದಾರಿ ತಪ್ಪಿಸಿ, ರನ್‌ವೇ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಅದು ತಾನೇ ತಿದ್ದಿಕೊಂಡು ಇಳಿಯಿತು. ಅದೇ ವರ್ಷ ಜೂನ್ 23ರಂದು 500 ಮೀಟರ್ ಪಕ್ಕಕ್ಕೆ ಬಿಟ್ಟರು, ಗಾಳಿಯೂ ಜೋರಿತ್ತು. ಗಂಟೆಗೆ 320 ಕಿಲೋಮೀಟರ್‌ಗೂ ಮಿಕ್ಕಿದ ವೇಗದಲ್ಲಿ ನೆಲ ಮುಟ್ಟಿ, ರನ್‌ವೇ ನಡುಗೆರೆಯಲ್ಲೇ ನಿಂತಿತು.

ನೀವೂ ಹಾಗೇ ಮಾಡಿ. ಮೊದಲು ಖಾಲಿ ಕೋಣೆ, ಮಟ್ಟದ ನೆಲ, ತುಂಬಿದ ಬ್ಯಾಟರಿ. ಆಮೇಲೆ ಪೂರ್ತಿ ತೂಕ ಇಟ್ಟು ಓಡಿಸಿ. ಆಮೇಲೆ ಗಾಡಿಯನ್ನು 3 ಡಿಗ್ರಿ ಓರೆ ನಿಲ್ಲಿಸಿ. 300 ಕೆಜಿ ಕೋಣೆಯನ್ನು ಏರಿನ ಕಡೆ ತಳ್ಳಲು ಘರ್ಷಣೆಯ ಜೊತೆಗೆ ಇನ್ನೂ 16 ಕೆಜಿಯಷ್ಟು ಬಲ ಬೇಕಾಗುತ್ತದೆ, ಮೋಟರ್ ತಡೆಯುತ್ತದೆಯೇ ನೋಡಿ. ಕೊನೆಗೆ ಬ್ಯಾಟರಿ ತಂತಿಯನ್ನೇ ಕಳಚಿ, ಕೈ ಹ್ಯಾಂಡಲ್ ಹಾಕಿ ತಿರುಗಿಸಿ ಕೋಣೆಯನ್ನು ಒಳಗೆ ತನ್ನಿ. ಎಷ್ಟು ನಿಮಿಷ ಹಿಡಿಯಿತು ಬರೆಯಿರಿ. ನಡುರಾತ್ರಿ ಹೆದ್ದಾರಿ ಪಕ್ಕದಲ್ಲಿ ಕರೆಂಟ್ ಕೈಕೊಟ್ಟ ಮನೆಯವರಿಗೆ ಆ ಹ್ಯಾಂಡಲ್ ಒಂದೇ ದಾರಿ.

ಪ್ರತಿ ಸಲವೂ ಬಟನ್ ಒತ್ತುವ ಮೊದಲು ಬಾಯಿಬಿಟ್ಟು ಹೇಳಿ: ಹ್ಯಾಂಡ್‌ಬ್ರೇಕ್, ಮಟ್ಟ, ಲಾಕ್ ಪಿನ್, ಒಳಗೆ ದಾರಿ, ಹೊರಗೆ ದಾರಿ, ಮಕ್ಕಳು. ಲಾಕ್ ಪಿನ್ ತೆಗೆಯದೆ ಬಟನ್ ಒತ್ತಿದರೆ ತೋಳು ಬಾಗುತ್ತದೆ. ಹೊರಗಿನ ದಾರಿಯಲ್ಲಿ ಜಾಲಿಮರದ ಕೊಂಬೆ ಇದ್ದರೆ ಕಿಟಕಿ ಹೋಗುತ್ತದೆ. ಕೊನೆಯದನ್ನು ಎರಡು ಸಲ ಹೇಳಿ. ಒಬ್ಬರು ಹೊರಗೆ ನಿಂತು ನೋಡುತ್ತಿರಲಿ, ಒಬ್ಬರು ಬಟನ್ ಮೇಲೆ ಕೈ ಇಟ್ಟಿರಲಿ. ಬಾಯಿಬಿಟ್ಟು ಹೇಳುವುದಕ್ಕೆ ನಾಚಿಕೆಪಡಬೇಡಿ.

9. ಈ ಭಾನುವಾರವೇ ಮಾಡೆಲ್ ಕಟ್ಟಿ, ಹೆಸರು ಹಾಕಿ

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನ ಇದೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ದೊಡ್ಡವರಿಗೆ ಮಾತ್ರ ಅಲ್ಲ, ಪ್ರಯತ್ನ ಪಟ್ಟರೆ ಸಣ್ಣವರಿಗೂ ಫಲ ಸಿಗುತ್ತದೆ ಅನ್ನುವುದು ಅದರ ಹುರುಳು. ನನಗೆ ಅದಕ್ಕಿಂತ ಇಷ್ಟವಾದದ್ದು ಅದರ ಕೊನೆ. ಚಪಡ ಎಂಬ ಲಿಪಿಕಾರ ತಾನು ಬರೆದೆ ಅಂತ ತನ್ನ ಹೆಸರು ಹಾಕಿದ್ದಾನೆ. ಶಾಸನ ಪೂರ್ತಿ ಬ್ರಾಹ್ಮಿ, ತನ್ನ ಕಸುಬಿನ ಹೆಸರು ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ. ಚಕ್ರವರ್ತಿಯ ಮಾತಿನ ಕೆಳಗೆ ಕೆಲಸಗಾರನ ಸಹಿ. ಎರಡು ಸಾವಿರ ವರ್ಷಕ್ಕೂ ಮೇಲಾಯಿತು, ಇನ್ನೂ ಓದಬಹುದು.

ನೀವೂ ಸಹಿ ಹಾಕುವಂಥದ್ದು ಏನಾದರೂ ಮಾಡಿ. ದೊಡ್ಡ ಗಾಡಿ ಬೇಡ. ಪ್ಲೈವುಡ್ ತುಂಡುಗಳಿಂದ 60 ಸೆಂಟಿಮೀಟರ್ ಅಗಲದ ಒಂದು ಪೆಟ್ಟಿಗೆ, ಅದರೊಳಗೆ ಜರುಗುವ ಇನ್ನೊಂದು ಪೆಟ್ಟಿಗೆ. ಹಾರ್ಡ್‌ವೇರ್ ಅಂಗಡಿಯ ಟೆಲಿಸ್ಕೋಪಿಕ್ ಚಾನೆಲ್ ಒಂದು ಜೊತೆ. ಗುಜರಿಯಲ್ಲಿ ಸಿಗುವ ಹಳೇ ಕಾರಿನ ವೈಪರ್ ಮೋಟರ್ ಎರಡು, ಒಂದು ಹಳೇ ಬೈಕ್ ಬ್ಯಾಟರಿ, ಹಿಂದೆ ಮುಂದೆ ತಿರುಗಿಸುವ ಸ್ವಿಚ್. ಮೋಟರ್ ಪ್ರತಿ ಪಕ್ಕಕ್ಕೆ ಒಂದು. ಮೊದಲು ಶಾಫ್ಟ್ ಇಲ್ಲದೆ ಓಡಿಸಿ. ಎರಡು ಹಳೇ ಮೋಟರ್ ಒಂದೇ ವೇಗದಲ್ಲಿ ತಿರುಗುವುದಿಲ್ಲ, ಆದ್ದರಿಂದ ಪೆಟ್ಟಿಗೆ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಳ್ಳಲಿ. ಆಗ ಸ್ವಿಚ್ ಬಿಟ್ಟು, ಸ್ಕೇಲ್ ಹಿಡಿದು ಎಡಗಡೆ ಎಷ್ಟು ಬಂತು, ಬಲಗಡೆ ಎಷ್ಟು ಬಂತು ಅಳೆಯಿರಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಎರಡು ಅಂಕಿ, ಅದರ ಕೆಳಗೆ ತಾರೀಖು, ಅದರ ಕೆಳಗೆ ನಿಮ್ಮ ಹೆಸರು ಬರೆಯಿರಿ. ಮುಂದಿನ ಭಾನುವಾರ ಶಾಫ್ಟ್ ಹಾಕಿ ಮತ್ತೆ ಅಳೆಯಿರಿ.